ಸ್ನೇಹಸ್ರಾವ ಮೀಮಾಂಸೆ ಅಥವಾ ಮುದಿ ಕಾರಿನ ಅಪಾನವಾಯು ವಿಚಾರ

ಸಂಸ್ಕೃತದಲ್ಲಿ ಸ್ನೇಹ ಎಂದರೆ ಎಣ್ಣೆಯೂ ಹೌದು, ಅಕ್ಕರೆಯೂ ಹೌದು. ಮೂವತ್ತು ವರ್ಷ ಹಳೆಯ ಕಾರು ಇಟ್ಟುಕೊಂಡವನಿಗೆ ಈ ಎರಡು ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅವನ ಪಾಲಿಗೆ ಎರಡೂ ಒಂದೇ ಸಂದಿನಲ್ಲಿ ಸೋರಿಹೋಗುತ್ತಿರುತ್ತವೆ. ಈ ಪ್ರಬಂಧ ಮೊದಲನೆಯ ಅರ್ಥಕ್ಕೆ ಮಾತ್ರ ಸೀಮಿತ. ಕ್ಷೇತ್ರಕಾರ್ಯ ನಡೆದದ್ದು ಮೈಸೂರಿನ ನಮ್ಮ ಮನೆಯ ಪೋರ್ಟಿಕೋದಲ್ಲಿ, ಟಿವಿ ಪೆಟ್ಟಿಗೆಯ ರಟ್ಟಿನ ಮೇಲೆ ಅಂಗಾತ ಮಲಗಿ. ಕಾರಿನ ಹೆಸರು ಹೇಳುವುದಿಲ್ಲ. ರೋಗಿಯ ಗುಟ್ಟು ಕಾಯುವುದು ವೈದ್ಯಧರ್ಮ. ಮೇಲಾಗಿ ಈ ವಯಸ್ಸಿನಲ್ಲಿ ಸೋರಿದ್ದಕ್ಕೆ ಹೆತ್ತವರನ್ನು ದೂರುವುದು ನ್ಯಾಯವೂ ಅಲ್ಲ. ಪೆಟ್ರೋಲಿನದು, ಕಾರ್ಬುರೇಟರ್ ಕಾಲದ್ದು, ನಾಲ್ಕು ಸಿಲಿಂಡರಿನದು ಎಂದಷ್ಟು ತಿಳಿದರೆ ಸಾಕು.

ಸಮಸ್ಯೆ ಇಷ್ಟೇ. ರಾತ್ರಿ ನಿಲ್ಲಿಸಿದ ಕಾರಿನ ಕೆಳಗೆ ಬೆಳಗಾಗುವಷ್ಟರಲ್ಲಿ ಎಂಟಾಣೆ ಅಗಲದ ಒಂದು ಕಪ್ಪು ಬೊಟ್ಟು. ಇದರ ಮೂಲದ ಬಗ್ಗೆ ವಿದ್ವಾಂಸರಲ್ಲಿ ಮೂರು ಮತಗಳಿವೆ. ಪೂರ್ವಪಕ್ಷವಾಗಿ ಅವನ್ನು ಮೊದಲು ಮಂಡಿಸುತ್ತೇನೆ.

ಪ್ಯಾಕಿಂಗ್ ಮತದವರ ಪ್ರಕಾರ ಜಗತ್ತಿನ ಸಕಲ ಸೋರಿಕೆಗೂ ಟ್ಯಾಪೆಟ್ ಕವರಿನ ಪ್ಯಾಕಿಂಗೇ ಕಾರಣ. ಈ ಮತದ ಆಚಾರ್ಯರೊಬ್ಬರು ನನ್ನ ಕಾರಿಗೆ ಒಂದೇ ಮಳೆಗಾಲದಲ್ಲಿ ಮೂರು ಸಲ ಕಾರ್ಕ್ ಪ್ಯಾಕಿಂಗ್ ಹಾಕಿದರು. ಮೂರನೆಯ ಸಲ, ಇನ್ನು ಸೋರಿದರೆ ಕೇಳಿ ಎಂಬ ಹಟದಲ್ಲಿ ಬೋಲ್ಟನ್ನು ಎಷ್ಟು ಬಿಗಿದರೆಂದರೆ ತಗಡಿನ ಕವರು ಸೊಟ್ಟಗಾಗಿ, ಪ್ಯಾಕಿಂಗು ಒಬ್ಬಟ್ಟಿನ ಹೂರಣದಂತೆ ಅಂಚಿನಲ್ಲಿ ಹೊರಗೆ ಇಣುಕಿತು. ಗಮ್ ಮತದವರು ಇವರಿಂದಲೇ ಕವಲೊಡೆದವರು. ಇವರಿಗೆ ಪ್ಯಾಕಿಂಗಿನಲ್ಲಿ ನಂಬಿಕೆಯಿದೆ, ಆದರೆ ಪೂರ್ತಿ ಇಲ್ಲ; ಹಾಗಾಗಿ ಅದರ ಎರಡೂ ಮೈಗೆ ಟ್ಯೂಬಿನಿಂದ ಗಮ್ ಬಳಿಯುತ್ತಾರೆ.

ಮೂರನೆಯದು ಇಳಿಸು ಮತ. ಈ ಪಂಥದವರು ಕಾರಿನ ಕೆಳಗೆ ಒಮ್ಮೆ ಬಗ್ಗಿ ನೋಡಿ, ಎದ್ದು, ಬನಿಯನ್ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುತ್ತಾ, “ಹಿಂದಿನ ಆಯಿಲ್ ಸೀಲ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸ್ಬೇಕು” ಎನ್ನುತ್ತಾರೆ. ಲಿಖಿತ ಭಾಷ್ಯವನ್ನೂ ಕೊಡುತ್ತಾರೆ. ನನಗೆ ಕೊಟ್ಟದ್ದರ ಕೊನೆಯಲ್ಲಿ 14,500 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿತ್ತು. ಇವರ ವಾದ ಪೂರ್ತಿ ನಿರಾಧಾರವಲ್ಲ. ಟ್ಯಾಪೆಟ್ ಕವರಿನ ಹಿಂಭಾಗದಲ್ಲಿ ಜಿನುಗಿದ ಎಣ್ಣೆ ಇಂಜಿನ್ನಿನ ಬೆನ್ನಿನ ಮೇಲೆ ಇಳಿದು ಬೆಲ್ ಹೌಸಿಂಗಿನ ತಳದಲ್ಲಿ ತೊಟ್ಟಿಕ್ಕುತ್ತದೆ. ಹಿಂದಿನ ಸೀಲ್ ಸೋರಿದರೂ ತೊಟ್ಟು ಬೀಳುವುದು ಅಲ್ಲೇ. ಕಾರು ಓಡುವಾಗ ಅಡಿಯ ಗಾಳಿ ಆ ಎಣ್ಣೆಯನ್ನು ಇನ್ನಷ್ಟು ಹಿಂದಕ್ಕೆ ಬಳಿಯುತ್ತದೆ. ಬೊಟ್ಟು ಬಿದ್ದ ಜಾಗಕ್ಕೂ ಸೋರಿದ ಜಾಗಕ್ಕೂ ಇರುವ ಸಂಬಂಧ, ಪೇಪರಿನ ದಿನಭವಿಷ್ಯಕ್ಕೂ ಆ ದಿನಕ್ಕೂ ಇರುವಷ್ಟೇ. ಮೇಲೆ ಸೋರಿದ್ದಕ್ಕೆ ಕೆಳಗಿನ ಗೇರ್‌ಬಾಕ್ಸ್ ಇಳಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಈಗ ಸಿದ್ಧಾಂತ. ಎಣ್ಣೆ ತಾನಾಗಿ ಸೋರುವುದು ಕಡಿಮೆ, ಅದನ್ನು ಒಳಗಿನಿಂದ ಯಾರೋ ನೂಕುತ್ತಿರುತ್ತಾರೆ. ನೂಕುವವನು ವಾಯು. ಸಿಲಿಂಡರಿನಲ್ಲಿ ಪೆಟ್ರೋಲು ಉರಿದು ಹುಟ್ಟಿದ ವಾಯು ಪಿಸ್ಟನ್ನನ್ನು ತಳ್ಳಿ ಸೈಲೆನ್ಸರಿನ ದಾರಿ ಹಿಡಿಯಬೇಕಾದದ್ದು ಧರ್ಮ. ಆದರೆ ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗುಗಳ ಸಂದಿನಲ್ಲಿ ನುಸುಳಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಹೊಸ ಇಂಜಿನ್ನಿನಲ್ಲೂ ಇಳಿಯುತ್ತದೆ, ಹಳೆಯದರಲ್ಲಿ ಹೆಚ್ಚು. ದೇಹದಲ್ಲಿ ಕೆಳಮುಖವಾಗಿ ಸರಿಯುವ ವಾಯುವಿಗೆ ಹಿಂದಿನವರು ಅಪಾನವೆಂದು ಹೆಸರಿಟ್ಟರು. ಇಂಜಿನ್ನಿನವರು ಬ್ಲೋ-ಬೈ ಎನ್ನುತ್ತಾರೆ. ಮನೆಮಂದಿ ಏನೆನ್ನುತ್ತಾರೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಈ ಅಪಾನ ಒಣ ಗಾಳಿಯಲ್ಲ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರ ಒಂದು ಪಾಲು ಇದರೊಳಗೂ ಇರುತ್ತದೆ. ಮನೆಯಿಂದ ದೇವರಾಜ ಮಾರುಕಟ್ಟೆಗೆ ಹೋಗಿ ಸೊಪ್ಪು ತಂದು ನಿಂತುಬಿಡುವ ಕಾರಿನ ಇಂಜಿನ್ನು ಆ ನೀರು ಆರುವಷ್ಟು ಕಾಯುವುದೇ ಇಲ್ಲ. ನೀರೂ ಎಣ್ಣೆಯೂ ಕಡೆದುಕೊಂಡು ಆಯಿಲ್ ಮುಚ್ಚಳದ ಒಳಮೈಗೆ ಮೊಸರಿನ ಕೆನೆಯಂಥದ್ದು ಹತ್ತುತ್ತದೆ. ಹೆಡ್ ಗ್ಯಾಸ್ಕೆಟ್ ಹೋದರೂ ಇಂಥದೇ ಕೆನೆ ಕಾಣುವುದರಿಂದ, ರೇಡಿಯೇಟರಿನ ನೀರು ಇಳಿಯುತ್ತಿದೆಯೇ ಎಂದು ನೋಡದೆ ಹೆಡ್ ಬಿಚ್ಚಲು ಯಾರಿಗೂ ಒಪ್ಪಿಗೆ ಕೊಡಬಾರದು. ಇಳಿಸು ಮತದವರಿಗಂತೂ ಆ ಕೆನೆಯನ್ನು ತೋರಿಸಲೇಬಾರದು.

ಹಿಂದೆ ಈ ಅಪಾನಕ್ಕೆ ಬಯಲೇ ಗತಿಯಾಗಿತ್ತು. ಇಂಜಿನ್ನಿನಿಂದ ಒಂದು ಕೊಳವೆ ರಸ್ತೆಯತ್ತ ಬಾಯಿ ಬಿಟ್ಟುಕೊಂಡಿರುತ್ತಿತ್ತು. ಕಾರು ಓಡಿದಾಗ ಗಾಳಿ ಅದನ್ನು ಹೀರುತ್ತಿತ್ತು, ನಿಂತಾಗ ಕೇಳುವವರಿರಲಿಲ್ಲ. ಲಾಸ್ ಏಂಜಲೀಸಿನ ಜನ ಕಣ್ಣುರಿಯೆಂದು ಗೋಳಿಡತೊಡಗಿದಾಗ, ಕ್ಯಾಲ್‌ಟೆಕ್‌ನಲ್ಲಿ ಅನಾನಸ್ ಹಣ್ಣಿನ ಪರಿಮಳವನ್ನು ಶೋಧಿಸುತ್ತಿದ್ದ ಡಚ್ ಮೂಲದ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ಹಣ್ಣು ಬಿಟ್ಟು ಹೊಗೆ ಹಿಡಿದರು; ಕಾರುಗಳೂ ತೈಲ ಕಾರ್ಖಾನೆಗಳೂ ಬಿಡುವ ಆವಿ ಬಿಸಿಲಿನಲ್ಲಿ ಬೆಂದು ಆ ಮಬ್ಬಾಗುತ್ತದೆಂದು ತೋರಿಸಿದರು. 1960ರ ದಶಕದ ಮೊದಲ ವರ್ಷಗಳಲ್ಲಿ, ಮೊದಲು ಕ್ಯಾಲಿಫೋರ್ನಿಯಾದಲ್ಲಿ, ಆಮೇಲೆ ಅಮೆರಿಕದ ಉಳಿದೆಡೆ, ಹೊಸ ಕಾರುಗಳಲ್ಲಿ ಆ ಬಯಲು ಕೊಳವೆ ಹೋಗಿ, ಇಂಜಿನ್ನು ತನ್ನ ಅಪಾನವನ್ನು ತಾನೇ ಉಸಿರಾಡುವ ಏರ್ಪಾಡು ಬಂತು. ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಅಪಾನವನ್ನು ಪ್ರಾಣದಲ್ಲಿ ಹೋಮ ಮಾಡುವವರ ಪ್ರಸ್ತಾಪವಿದೆ. ಇದನ್ನೇ ಹಿಡಿದು ಇಂಜಿನ್ನಿನ ಆ ಏರ್ಪಾಡಿನ ಪಿಸಿವಿ ವಾಲ್ವ್ ನಮ್ಮದೇ ಎಂದು ಸಾಧಿಸುವ ಉತ್ಸಾಹಿಗಳು ಮುಂದೆ ಬಂದಾರು. ಅವರ ಸಭೆಯಲ್ಲಿ ನನಗೆ ಶಾಲು, ಹಾರ ಬೇಡ. ಒಂದು ವಾಲ್ವ್ ಕೊಟ್ಟರೆ ಸಾಕು.

ಈ ಹೋಮದ ಪುರೋಹಿತನೇ ಆ ವಾಲ್ವ್. ಹೆಬ್ಬೆರಳಿನಷ್ಟುದ್ದ, ಒಳಗೊಂದು ಸ್ಪ್ರಿಂಗು, ಅದರ ತುದಿಗೊಂದು ಪುಟ್ಟ ಬೆಣೆ. ಐಡಲ್‌ನಲ್ಲಿ ಇನ್‌ಲೆಟ್ ಮ್ಯಾನಿಫೋಲ್ಡಿನ ಸೆಳೆತ ಜೋರಾಗಿರುತ್ತದೆ, ಬೆಣೆ ದಾರಿಯನ್ನು ಕಿರಿದಾಗಿಸುತ್ತದೆ. ಆಕ್ಸಿಲರೇಟರ್ ಒತ್ತಿದರೆ ಸೆಳೆತ ತಗ್ಗುತ್ತದೆ, ಸ್ಪ್ರಿಂಗು ದಾರಿ ಬಿಡುತ್ತದೆ. ಬ್ಯಾಕ್‌ಫೈರ್ ಆದರೆ ಬೆಂಕಿ ಹೊಟ್ಟೆಗಿಳಿಯದಂತೆ ಮುಚ್ಚಿಕೊಳ್ಳುತ್ತದೆ. ಹೊಟ್ಟೆಗೆ ಹೊಸ ಗಾಳಿ ಬರುವುದು ಏರ್ ಕ್ಲೀನರಿನಿಂದ ಇಳಿದ ಇನ್ನೊಂದು ಪೈಪಿನಲ್ಲಿ. ವಾಲ್ವ್ ಕೆಸರು ಕಟ್ಟಿ ಮುಚ್ಚಿತೆನ್ನಿ. ಅಪಾನ ಆ ಪೈಪಿನಲ್ಲೇ ಉಲ್ಟಾ ಹೊಡೆದು ಏರ್ ಫಿಲ್ಟರಿಗೆ ದೀಪಾವಳಿಯ ಅಭ್ಯಂಜನ ಮಾಡಿಸುತ್ತದೆ. ಅಲ್ಲೂ ಸಾಲದಿದ್ದರೆ ಪ್ಯಾಕಿಂಗು, ಸೀಲು, ಡಿಪ್‌ಸ್ಟಿಕ್ಕಿನ ತೂತು, ಎಲ್ಲಿ ಸಡಿಲವೋ ಅಲ್ಲಿ. ಮೂಗು ಹಿಡಿದರೆ ಬಾಯಿ ತೆರೆಯುವುದೆಂಬ ಗಾದೆ ಮಾಡಿದವರು ಇಂಜಿನ್ ನೋಡಿದವರೇ ಇರಬೇಕು. ವಾಲ್ವ್ ತೆರೆದೇ ಉಳಿದರೆ ರೋಗ ಬೇರೆ: ಐಡಲ್ ನಿಲ್ಲುವುದಿಲ್ಲ, ಎಣ್ಣೆ ಸೋರುವ ಬದಲು ಉರಿಯುತ್ತದೆ.

ಪ್ರಮಾಣಗಳಿಗೆ ಬರೋಣ. ಅನುಮಾನಕ್ಕೆ ತಾರ್ಕಿಕರು ಕೊಡುವ ಉದಾಹರಣೆ ಬೆಟ್ಟದ ಮೇಲಿನ ಹೊಗೆ. ನಮಗೆ ಸೈಲೆನ್ಸರಿನ ಹೊಗೆ. ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ನನ್ನದು ನೀಲಿಯಿರಲಿಲ್ಲ. ಶಬ್ದಪ್ರಮಾಣಕ್ಕೆ ಪ್ರಾಚೀನರು ಆಪ್ತವಾಕ್ಯವೆಂದು ಅರ್ಥ ಹೇಳಿದರು. ವಾಲ್ವಿನ ಮಟ್ಟಿಗೆ ಅದು ಬರೀ ಶಬ್ದವೇ. ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಿಟುಕು ಕೊಬ್ಬರಿಯಂತೆ ಕಟಕಟ ಅನ್ನಬೇಕು. ನನ್ನದು ಮೌನವ್ರತದಲ್ಲಿತ್ತು.

ಪ್ರತ್ಯಕ್ಷಕ್ಕೆ ಪೌಡರ್ ಬೇಕು. ಇಂಜಿನ್ನನ್ನು ಡೀಸೆಲ್ಲು, ಬ್ರಷ್ಷಿನಲ್ಲಿ ತೊಳೆದು, ಒರೆಸಿ, ಚೆನ್ನಾಗಿ ಆರಿದ ಮೇಲೆ, ಮೀಯಿಸಿದ ಕೂಸಿಗೆ ಹಾಕುವಂತೆ ಮೇಲಿನಿಂದ ಸಂಪಿನವರೆಗೆ ಟಾಲ್ಕಂ ಪೌಡರ್ ಉದುರಿಸಿ ಹತ್ತು ನಿಮಿಷ ಓಡಿಸಿದೆ. ಒಳಗಿನಿಂದ ಕೂಗು ಬಂತು: “ರೀ, ನನ್ನ ಪೌಡರ್ ಡಬ್ಬಿ ಎಲ್ಲ್ರೀ?” ಸಂಶೋಧನೆಯ ನಡುವೆ ಉತ್ತರ ಕೊಡುವ ಪದ್ಧತಿಯಿಲ್ಲ. ಟಾರ್ಚು ಹಿಡಿದು ನೋಡಿದರೆ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಕಾಡಿಗೆ ಕರಗಿ ಇಳಿದಂತೆ ಒಂದೇ ಒಂದು ಕಪ್ಪು ಗೆರೆ ಇಳಿಯತೊಡಗಿತ್ತು. ಕೆಳಗೆ ಬೆಲ್ ಹೌಸಿಂಗಿನ ತಳದಲ್ಲಿ ಪೌಡರ್ ಇನ್ನೂ ಮಲ್ಲಿಗೆಯಷ್ಟು ಬೆಳ್ಳಗಿತ್ತು. ಇಳಿಸು ಮತ ಅಲ್ಲಿಗೆ ಖಂಡಿತವಾಯಿತು.

ಕೊನೆಯ ಪ್ರಮಾಣ ಕಾಗದದ್ದು. ಇಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ಒಂದು ಹಾಳೆ ಇಟ್ಟರೆ, ಉಸಿರಾಟ ನೆಟ್ಟಗಿದ್ದಲ್ಲಿ ಹಾಳೆ ಮೆಲ್ಲಗೆ ಒಳಕ್ಕೆ ಸೆಳೆದು ಕೂರಬೇಕು. ಕೈಗೆ ಸಿಕ್ಕಿದ್ದು 14,500ರ ಆ ಭಾಷ್ಯ. ಇಟ್ಟೆ. ಅನ್ನ ಕುದಿಯುವ ಪಾತ್ರೆಯ ತಟ್ಟೆಯಂತೆ ಕುಣಿಯಿತು. 220 ರೂಪಾಯಿ ಕೊಟ್ಟು ಹೊಸ ವಾಲ್ವ್ ತಂದು ಹಾಕಿದೆ. ಆಗಲೂ ಕುಣಿಯಿತು. ಸಿದ್ಧಾಂತಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಪಕ್ಕದ ಬೀದಿಯ ವಯಸ್ಸಾದ ಮೇಸ್ತ್ರಿಯನ್ನು ಕರೆತಂದೆ. ಅವರು ಯಾವ ಮತಕ್ಕೂ ಸೇರಿದವರಲ್ಲ. ಬಾನೆಟ್ಟಿನೊಳಗೆ ತಲೆ ಹಾಕಿ, ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಪೈಪನ್ನು ಎರಡು ಬೆರಳಲ್ಲಿ ಮುಟ್ಟಿ, “ಇಲ್ ನೋಡಿ ಸಾರ್” ಎಂದರು. ಎಳನೀರಿನ ಗಂಜಿಗೆ ಸಿಕ್ಕಿಕೊಂಡ ಸ್ಟ್ರಾವನ್ನು ಜೋರಾಗಿ ಹೀರಿದಾಗ ಆಗುವಂತೆ ಪೈಪು ನಡುವೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಇಂಜಿನ್ ಆಫ್ ಮಾಡಿದರು. ಪೈಪು ಏನೂ ಆಗಿಲ್ಲವೆಂಬಂತೆ ದುಂಡಗಾಯಿತು. ಇಂಜಿನ್ ಆಫ್ ಆಗಿದ್ದಾಗಲಷ್ಟೇ ಪೈಪನ್ನು ನೋಡಿದ ಮೂರು ಮತದವರಿಗೂ, ನಾಲ್ಕನೆಯವನಾದ ನನಗೂ, ಇದು ಕಾಣದಿದ್ದದ್ದು ಅದಕ್ಕೇ.

“ಇದು ನೀರಿನ ಪೈಪು ಸಾರ್, ಯಾರೋ ಅಡ್ಜಸ್ಟ್ ಮಾಡವ್ರೆ. ಎಣ್ಣೆ ಬಿಸಿಗೆ ಮೆತ್ತಗಾಗ್ಬಿಡುತ್ತೆ. ಆಯಿಲ್ ತಡೆಯೋ ದಪ್ಪ ಪೈಪ್ ತನ್ನಿ.”

“ಅದಕ್ಕೂ ನಿಲ್ಲದೇ ಇದ್ರೆ?”

“ಆಗ ಕಾಂಪ್ರೆಷನ್ ನೋಡೋಣ. ಕಮ್ಮಿ ಬಂದ್ರೆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಇನ್ನೊಂದ್ಸಲ ನೋಡೋದು. ಏರಿದ್ರೆ ರಿಂಗು, ಏರದಿದ್ರೆ ವಾಲ್ವು. ಈಗ್ಲೇ ಯಾಕೆ ಅಪಶಕುನ?”

ಪೈಪು ಬಂತು. ಸೊಟ್ಟ ಕವರನ್ನು ಮೇಸ್ತ್ರಿ ಮರದ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿ, ನಾಲ್ಕನೆಯ ಪ್ಯಾಕಿಂಗ್ ಕೂರಿಸಿ, ಬೋಲ್ಟನ್ನು ಬೆರಳ ತುದಿಯ ಬಲದಲ್ಲಷ್ಟೇ ಬಿಗಿದರು. ಸ್ಟಾರ್ಟ್ ಮಾಡಿ ಮುಚ್ಚಳ ತೆಗೆದು ಹಾಳೆ ಇಟ್ಟೆವು. ಅರೆಕ್ಷಣ ಅದುರಿತು. ಆಮೇಲೆ ಯಾರೋ ಒಳಗಿನಿಂದ ಮೆಲ್ಲಗೆ ಎಳೆದಂತೆ ನಡುವೆ ತಗ್ಗಾಗಿ ಅಂಟಿ ಕೂತಿತು. ಬಿಡಿಸಿ ನೋಡಿದರೆ 14,500ರ ಸುತ್ತ ದುಂಡನೆಯ ಎಣ್ಣೆಯ ಉಂಗುರ.

ಮನೆಯವರು ಕಾಫಿ ತಂದು, ನೆಲದ ಮೇಲಿನ ರಟ್ಟನ್ನು ಕಾಲಲ್ಲಿ ಸರಿಸುತ್ತಾ ಕೇಳಿದರು: “ಇದನ್ನ ಇನ್ನು ಬಿಸಾಕ್ಲೇನ್ರೀ?”

“ಇರ್ಲಿ,” ಎಂದೆ, “ಒಂದು ವಾರ ನೋಡೋಣ.”