ಹಳದಿ ಕಾರ್ಡ್ ಮೀಮಾಂಸೆ

2003ರಲ್ಲಿ ಜಪಾನಿನ ಸ್ಕ್ವೇರ್ ಕಂಪನಿ ಗೇಮ್ ಬಾಯ್ ಅಡ್ವಾನ್ಸ್‌ಗೆಂದು ಹೊರತಂದ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಅಡ್ವಾನ್ಸ್’ ಎಂಬ ವಿಡಿಯೊ ಆಟವನ್ನು ಬಾಲಲೀಲೆಯೆಂದು ಬಗೆದು ವಿದ್ವಜ್ಜನರು ಕಡೆಗಣಿಸಿದ್ದಾರೆ. ಈಚೆಗೆ ಅದನ್ನು ಮತ್ತೆ ಆಡಿ, ಕ್ಷಮಿಸಿ, ಪುನರಧ್ಯಯನ ಮಾಡಿ ನೋಡಲಾಗಿ ಅದು ಅಪ್ಪಟ ಮೀಮಾಂಸಾ ಗ್ರಂಥವೆಂಬುದು ಸ್ಪಷ್ಟವಾಯಿತು. ಬ್ಯಾಟರಿಗೆ ತಗುಲಿದ ವೆಚ್ಚವನ್ನು ಸಂಶೋಧನಾ ಖರ್ಚಿನ ಲೆಕ್ಕಕ್ಕೆ ಹಾಕತಕ್ಕದ್ದು.

ಇವಲೀಸ್ ಎಂಬ ಲೋಕ. ಅಲ್ಲಿ ಕಾಳಗವೆಂದರೆ ಚೌಕುಳಿ ಕಣದ ಮೇಲೆ ಸರದಿಯಂತೆ ಒಬ್ಬೊಬ್ಬರನ್ನೇ ನಡೆಸುವುದು. ಚೋಕೊಬೊ ಎಂಬ ಹೆಬ್ಬಕ್ಕಿಯನ್ನೇರಿದ ಕವಚಧಾರಿ ನ್ಯಾಯಾಧೀಶ ಪಕ್ಕದಲ್ಲೇ ಕಾದಿರುತ್ತಾನೆ. ಇಂದು ಬೆಂಕಿ ನಿಷಿದ್ಧ, ನಾಳೆ ಕತ್ತಿ ನಿಷಿದ್ಧ. ಇನ್ನೊಂದು ದಿನ ಮೃಗಗಳಿಗೆ ಪೆಟ್ಟು ಕೊಡುವುದು ನಿಷಿದ್ಧ. ಅಂದು ಎದುರು ನಿಂತಿರುವವೆಲ್ಲ ಮೃಗಗಳೇ. ಏಕೆಂದು ಕೇಳುವಂತಿಲ್ಲ. ವಿಧಿಗೆ ಕಾರಣ ಹುಡುಕುವವನು ಮೀಮಾಂಸಕನೇ ಅಲ್ಲ. ವಿಧಿಸಿದ್ದನ್ನು ಮಾಡಿದರೆ ಜಡ್ಜ್ ಪಾಯಿಂಟ್ ಎಂಬ ಪುಣ್ಯ. ನಿಷೇಧ ಮೀರಿದರೆ ಹಳದಿ ಕಾರ್ಡ್. ಮೀರಿದ ಏಟಿಗೆ ಎದುರಾಳಿ ಉರುಳಿದರೆ ಕೆಂಪು ಕಾರ್ಡ್, ಸೀದಾ ಜೈಲು. ನಿಷೇಧವನ್ನು ರದ್ದುಮಾಡುವ ಕಾರ್ಡುಗಳೂ ಉಂಟು. ಅದನ್ನೇ ನಮ್ಮವರು ಪ್ರತಿಪ್ರಸವ ಎಂದರು. ಎಝೆಲ್ ಎಂಬ ಪಂಡಿತನ ಬಳಿ ಅಂಥ ಕಾರ್ಡುಗಳು ದೊರೆಯುತ್ತವೆ. ಶಾಸ್ತ್ರವಿದ್ದಲ್ಲಿ ಶಾಸ್ತ್ರಿಗಳಿಗೆ ವರಮಾನವಿರುವುದು ಸಹಜ.

ಗ್ರಂಥದ ಹೃದಯ ಮುಂದಿನ ಸೂಕ್ಷ್ಮದಲ್ಲಿದೆ. ನ್ಯಾಯಾಧೀಶನ ಕಣ್ಣೆದುರು ಯಾರೂ ಸಾಯುವುದಿಲ್ಲ. ನಾಯಕ ಮಾರ್ಷ್ ನೆಲಕ್ಕೊರಗಿದರೂ ಉಳಿದವರು ಹೋರಾಡಿ ಗೆದ್ದರೆ ಅವನು ಮತ್ತೆ ಎದ್ದು ಬರುತ್ತಾನೆ. ಅದೇ ಮಾರ್ಷ್ ಜೈಲಿಗೆ ಹೋದರೆ ಆಟವೇ ಮುಗಿಯಿತು! ಹೆಣವಾಗಿ ಬಿದ್ದದ್ದಕ್ಕೆ ಮಾಫಿ ಉಂಟು, ನಿಯಮ ತಪ್ಪಿದ್ದಕ್ಕಿಲ್ಲ. ನಿಜವಾದ ಸಾವು ಬೇಕಿದ್ದವರು ಯಾಗ್ಡ್ ಎಂಬ ಕಾನೂನಿಲ್ಲದ ಸೀಮೆಗೆ ಹೋಗತಕ್ಕದ್ದು.

ಇನ್ನು ಮೋಕ್ಷಪ್ರಕರಣ. ಈ ಲೋಕ ಹುಟ್ಟಿದ್ದು ಮಾರ್ಷ್, ಅವನ ಗೆಳೆಯ ಮ್ಯೂಟ್ ಮೊದಲಾದ ಶಾಲಾಹುಡುಗರು ತೆರೆದ ಒಂದು ಹಳೆಯ ಪುಸ್ತಕದಿಂದ. ಇಲ್ಲಿ ಮ್ಯೂಟ್‌ನ ಸತ್ತ ತಾಯಿ ರಾಣಿಯಾಗಿ ಸಿಂಹಾಸನದಲ್ಲಿದ್ದಾಳೆ. ಕುಡಿತಕ್ಕೆ ಬಿದ್ದಿದ್ದ ತಂದೆ ನ್ಯಾಯಾಧೀಶರಿಗೆಲ್ಲ ಮುಖ್ಯಸ್ಥ. ಮಾರ್ಷ್‌ನ ತಮ್ಮ ಡೊನೆಡ್ ಗಾಲಿಕುರ್ಚಿ ಬಿಟ್ಟು ಓಡಾಡುತ್ತಿದ್ದಾನೆ. ಮಾರ್ಷ್ ಮಾತ್ರ ಕಟ್ಟಾ ಅದ್ವೈತಿ. ಇದೆಲ್ಲ ಮಾಯೆ, ಊರಿಗೆ ನಡೆಯಿರಿ ಎಂದು ಈ ಲೋಕವನ್ನು ಹಿಡಿದಿಟ್ಟಿರುವ ಹರಳುಗಳನ್ನು ಒಡೆಯುತ್ತ ಹೊರಡುತ್ತಾನೆ. ‘ನನ್ನ ಕಾಲು ನಿಜ, ನಿನ್ನ ಮಾತು ಮಾಯೆ’ ಎಂದು ತಮ್ಮ ವಾದಿಸಿದ್ದರೆ ಶೃಂಗೇರಿ, ಉಡುಪಿ ಎರಡೂ ಕಡೆ ಸಭೆ ಸೇರಿಸಬೇಕಾಗುತ್ತಿತ್ತು. ಎಳವೆಯಲ್ಲಿ ನಾವು ಮಾರ್ಷ್‌ನ ಪಕ್ಷ. ಈಗ ಎರಡನೆಯ ಓದಿಗೆ ತಮ್ಮನ ವಾದವೇ ಗಟ್ಟಿ ಎನ್ನಿಸುತ್ತದೆ.

ತೀರ್ಪು: ಒಪ್ಪಿಗೆ ಕೇಳದೆ ಪರರ ಸುಖಕ್ಕೆ ಕಲ್ಲು ಹಾಕಿದ ಮಾರ್ಷ್ ದೋಷಿ, ಕೆಂಪು ಕಾರ್ಡಿಗೆ ಅರ್ಹ. ಆದರೆ ನ್ಯಾಯಾಧೀಶರ ಸಮೇತ ಆ ಲೋಕವನ್ನೇ ಅವನು ಅಳಿಸಿಹಾಕಿರುವುದರಿಂದ, ವಿಚಾರಣೆ ನಡೆಸಲು ನ್ಯಾಯಾಲಯವೇ ಇಲ್ಲವಾಗಿ ಮೊಕದ್ದಮೆಯನ್ನು ವಜಾ ಮಾಡಲಾಗಿದೆ.