ಒಂಬತ್ತನೆಯ ವಿವಾಹ

ಈಗಿನ ಹುಡುಗಿಯರು ಹುಡುಗನನ್ನು ನೋಡುವುದಿಲ್ಲ, ನೌಕರಿ ನೋಡುತ್ತಾರೆ. ನಮ್ಮ ಮುಡಬಿಯ ಚಹಾದಂಗಡಿಯಲ್ಲಿ ಇದು ಸರ್ವಸಮ್ಮತ ಸತ್ಯ. ಹೇಳುವವರಲ್ಲಿ ನೌಕರಿ ಇದ್ದವರು ಒಬ್ಬರೂ ಸಿಗುವುದಿಲ್ಲ. ಅವರು ಆ ಹೊತ್ತಿಗೆ ನೌಕರಿಗೆ ಹೋಗಿರುತ್ತಾರೆ.

ಒಕ್ಕಲುತನದ ಹುಡುಗರಿಗೆ ಹೆಣ್ಣು ಸಿಗದಿರುವುದು ಬೀದರ್ ಜಿಲ್ಲೆಯೊಂದರ ಕಥೆಯಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತರು ವಧು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟಿದ್ದರು. ನನಗೆ ಅಷ್ಟು ನಡೆಯುವ ತಾಕತ್ತಿಲ್ಲ. ಅಪ್ಪನ ತೊಗರಿ ಹೊಲವಿತ್ತು, ಮತ್ತು ಯಾರ ಪುಣ್ಯವೋ, ಹುಮನಾಬಾದ್ ಕಡೆಯ ಶಿಕ್ಷಕಿಯೊಬ್ಬಳ ಪರಿಚಯವಿತ್ತು. ಸರ್ಕಾರಿ ಶಾಲೆ. ಕಾಯಂ. ನಮ್ಮ ಭಾಗದವರಿಗಿರುವ 371(ಜೆ) ಮೀಸಲಾತಿಯಲ್ಲಿ ಆಯ್ಕೆಯಾದವಳು. ಮಾತು ಬೆಳೆಯಿತು, ಮನಸ್ಸೂ ಬೆಳೆಯಿತು.

ಆಗ ಗೆಳೆಯನೊಬ್ಬ ಚಹಾ ಆರಿಸುತ್ತ ಕೇಳಿದ: "ಆಕಿ ಪ್ರೀತಿ ನಿನ್ನ ಮ್ಯಾಲೋ, ಹೊಲದ ಮ್ಯಾಲೋ?"

ರಾತ್ರಿ ನಿದ್ದೆ ಬರಲಿಲ್ಲ. ಇಂಥ ಅನುಮಾನಕ್ಕೆ ನಮ್ಮ ಬಸವಕಲ್ಯಾಣ ತಾಲೂಕಿನಲ್ಲಿ ದೊಡ್ಡ ಪರಂಪರೆಯೇ ಇದೆ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ. ಆ ಸ್ಮೃತಿಯಲ್ಲಿ ವಿವಾಹ ಎಂಟು ಬಗೆ. ದುಡ್ಡು ಕೊಟ್ಟು ಹೆಣ್ಣು ತಂದರೆ ಆಸುರ, ಇಬ್ಬರೂ ಮನಸಾರೆ ಒಪ್ಪಿಕೊಂಡರೆ ಗಾಂಧರ್ವ. ನಮ್ಮದು ಗಾಂಧರ್ವವೇ ಎಂದು ಖಾತ್ರಿ ಮಾಡಿಕೊಳ್ಳಲು ಮರುದಿನ ಚಹಾದಂಗಡಿಯಲ್ಲೇ ಕೂತು ವಾಟ್ಸಾಪಿನಲ್ಲಿ ಒಂದು ಸುಳ್ಳು ಬಿಟ್ಟೆ: "ಸಾಲ ಭಾಳ ಆಗಿತ್ತು, ಹೊಲ ಮಾರಿಬಿಟ್ಟೆ."

ಉತ್ತರ ತಕ್ಷಣ ಬಂತು. "ಹೋಗ್ಲಿ ಬಿಡ್ರಿ. ಹೊಲದಾಗ ನಿಂತು ಫೋಟೋ ತೆಗಸ್ಕೊಳ್ಳೋದು ಬಿಟ್ರ ನೀವೇನು ಮಾಡ್ತಿದ್ರಿ? ಊಟ ಮಾಡೀರಿಲ್ಲೋ?"

ಗೆದ್ದೆ! ಅಂಗಡಿಯಲ್ಲಿದ್ದವರಿಗೆಲ್ಲ ನನ್ನ ಲೆಕ್ಕದಲ್ಲಿ ಚಹಾ ಹೇಳಿದೆ. ಅದು ಬರುವಷ್ಟರಲ್ಲಿ ಅವಳ ಇನ್ನೊಂದು ಮೆಸೇಜು: "ನಂದೂ ಒಂದು ಸುದ್ದಿ ಅದ. ನೌಕರಿ ಬಿಡಬೇಕಂತ ಮಾಡೀನಿ. ಮನಸ್ಸಿಗೆ ಭಾಳ ತ್ರಾಸ ಆಗ್ಯಾದ."

ಇಲ್ಲಿ 'ಯಾಕ ತ್ರಾಸ?' ಎಂದು ಕೇಳಬೇಕಿತ್ತು. ಚಹಾದಂಗಡಿಯ ಮಾಲೀಕನಿಗೂ ಅಷ್ಟು ಹೊಳೆಯುತ್ತಿತ್ತು. ನನ್ನ ಬೆರಳು ಟೈಪು ಮಾಡಿದ್ದು ಬೇರೆ: "ರಾಜೀನಾಮೆ ಕೊಟ್ಟಾಯ್ತೋ, ಇನ್ನೂ ಕೊಡಬೇಕೋ? ಪ್ರೊಬೇಷನ್ ಮುಗೀತಲ್ಲ? ಬಿಟ್ರ ಪಿಂಚಣಿ ಹ್ಯಾಂಗ?"

ನೀಲಿ ಟಿಕ್ಕು ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಉತ್ತರ: "ನಾನೂ ಸುಳ್ಳೇ ಹೇಳಿದ್ದೆ. ನಿಮ್ಮ ಹೊಲ ಮಾರಿಲ್ಲಂತ ನಿಮ್ಮ ಅತ್ತೀನೇ ನಮ್ಮವ್ವಗ ಫೋನ್ ಮಾಡಿ ಹೇಳ್ಯಾರ. ಜಾತಿ ಮೀರಿ ಲಗ್ನ ಆದ ಶೀಲವಂತನ ಕಲ್ಯಾಣದವರು ನೀವು, ಪ್ರೀತಿಗೂ ಪೇ ಸ್ಲಿಪ್ ಕೇಳ್ತೀರಲ್ರಿ!"

ಸಂಬಳದ ಚೀಟಿ ನೋಡಿ ಮನಸಾರೆ ಒಪ್ಪುವುದನ್ನು ವಿಜ್ಞಾನೇಶ್ವರ ಆಸುರಕ್ಕೆ ಸೇರಿಸುತ್ತಿದ್ದನೋ ಗಾಂಧರ್ವಕ್ಕೋ! ಹಾಗೆ ನೋಡಿದರೆ ಒಂಬತ್ತನೆಯ ಬಗೆಯನ್ನು ಕಂಡುಹಿಡಿದವನು ನಾನೇ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲೂ ಇದಕ್ಕೆ ಕಲಮು ಇಲ್ಲ, ಬಚಾವಾದೆ.

ಅವಳಿಗೆ ಮದುವೆಯಾಗಿದೆ. ಗಂಡ ಒಕ್ಕಲುತನದವನೇ, ಹೊಲ ನಮ್ಮದಕ್ಕಿಂತ ಕಡಿಮೆ. ಅತ್ತೆಯ ಜೊತೆ ನಾನು ಮಾತು ಬಿಟ್ಟಿದ್ದೇನೆ. ಓದುಗರಲ್ಲಿ ಯಾರಿಗಾದರೂ ಒಳ್ಳೆಯ ಮನಸ್ಸಿನ ಹುಡುಗಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನೌಕರಿ ಇರಲೇಬೇಕೆಂದೇನೂ ಇಲ್ಲ. ಇದ್ದರೆ ಮಾತ್ರ ಕಾಯಮ್ಮೋ ಗುತ್ತಿಗೆಯೋ ಎಂಬುದನ್ನು ಮೊದಲೇ ಬರೆದುಬಿಡಿ.