ಶೀತಜಲ ಮೀಮಾಂಸೆ: ಬೆಚ್ಚನೆಯ ನೀರಿನ ಪಂಡಿತರಿಗಾಗಿ

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ಅದರಂತೆ ಈ ಗ್ರಂಥಕ್ಕೆ ಅಧಿಕಾರಿ ಯಾರೆಂದರೆ, ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ಮುಳುಗಿ, ಅಂಡಮಾನಿನಲ್ಲಿ ಸ್ಕೂಬಾ ಡೈವಿಂಗ್ ಸರ್ಟಿಫಿಕೇಟ್ ಪಡೆದು, ಮಾಲ್ಡೀವ್ಸಿನಲ್ಲಿ ಆಮೆಯ ಪಕ್ಕ ಫೋಟೊ ತೆಗೆಸಿಕೊಂಡು, ಆಮೇಲೆ ಕಂಪನಿ ಕಳಿಸಿತೆಂದು ಕ್ಯಾಲಿಫೋರ್ನಿಯಾಕ್ಕೆ ಬಂದು ಸನ್ನಿವೇಲಿನಲ್ಲೋ ಫ್ರೀಮಾಂಟಿನಲ್ಲೋ ಮನೆ ಮಾಡಿರುವ ಕನ್ನಡಿಗ. ವಿಷಯ, ಅಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ದಾರಿಯ ಮಾಂಟೆರೆ ಕೊಲ್ಲಿಯ ನೀರು. ಸಂಬಂಧ, ಇವನಿಗೂ ಆ ನೀರಿಗೂ ಈವರೆಗೆ ಯಾವ ಸಂಬಂಧವೂ ಇಲ್ಲದಿರುವುದು. ಪ್ರಯೋಜನ ಮುಂದೆಲ್ಲೋ ಬರುತ್ತದೆ. ಬಾರದಿದ್ದರೂ ಶಾಸ್ತ್ರಕ್ಕೇನೂ ನಷ್ಟವಿಲ್ಲ.

ಮೊದಲು ಪೂರ್ವಪಕ್ಷ. ಉಷ್ಣಜಲವಾದಿಗಳ ಮೂಲಸೂತ್ರ ಎಲ್ಲರಿಗೂ ಬಾಯಿಪಾಠ: ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡುವುದು ಶಾಸ್ತ್ರಕಾರನ ಧರ್ಮ. ಚಳಿಯೇನು? ಮಾಂಟೆರೆಯಲ್ಲಿ ವರ್ಷದ ಬಹುಪಾಲು 10ರಿಂದ 15 ಡಿಗ್ರಿ ಸೆಲ್ಸಿಯಸ್. ಮಳೆಯೇನು? ಬೇಸಗೆಯಲ್ಲಿ ಬಾರದು, ಬದಲಿಗೆ ಮಂಜು ಕವಿಯುತ್ತದೆ. ಸೂತ್ರದ ವಿಚಾರ ಇಲ್ಲಿಗೆ ಮುಗಿಯಿತು.

ಆಗ ಅವರು ಇನ್ನೊಂದು ಬಾಣ ಬಿಡುತ್ತಾರೆ. ‘ಡಿಸೆಂಬರಿನಲ್ಲಿ ಬೆಂಗಳೂರಲ್ಲೂ ಬೆಳಗಿನ ಜಾವ 15 ಡಿಗ್ರಿ ಇರುತ್ತದಲ್ಲ, ನಾವೇನು ಸತ್ತೆವಾ?’ ಸಾಯಲಿಲ್ಲ, ನಿಜ. ಆದರೆ ಆ 15 ಡಿಗ್ರಿಗೆ ನೀವು ಸ್ವೆಟರು, ಮಫ್ಲರು, ಮಂಕಿ ಕ್ಯಾಪು ಏರಿಸಿಕೊಂಡು ಹಾಲು ತರಲು ಹೋಗಿ, ಬೂತಿನವನ ಹತ್ತಿರ ‘ಏನ್ ಚಳೀರೀ ಈ ಸಲ’ ಎಂದು ಒಂದು ಗಳಿಗೆ ಗೊಣಗಿ ಬಂದಿರಿ. ಅದೂ ಬರೀ ಗಾಳಿಯಲ್ಲಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಮೈಯ ಶಾಖವನ್ನು ಸಾಗಿಸುತ್ತದೆ. ಒಂದು ಲೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖಕ್ಕಿಂತ 3,000 ಪಟ್ಟಿಗೂ ಹೆಚ್ಚು ಶಾಖವನ್ನು ಒಂದು ಲೀಟರ್ ನೀರು ನುಂಗುತ್ತದೆ, ನುಂಗಿ ಇನ್ನೂ ಬೇಕೆನ್ನುತ್ತದೆ. ನೇತ್ರಾಣಿಯ 28 ಡಿಗ್ರಿ ನೀರೂ 37 ಡಿಗ್ರಿಯ ನಿಮ್ಮ ಮೈಯಿಂದ ಶಾಖ ಕದಿಯುತ್ತಲೇ ಇತ್ತು. ಅದು ಜೇಬುಗಳ್ಳತನವಾದ್ದರಿಂದ ದಡ ಸೇರುವತನಕ ನಿಮಗೆ ಗೊತ್ತಾಗಲಿಲ್ಲ. ಮಾಂಟೆರೆಯದು ಹಗಲು ದರೋಡೆ.

ಇನ್ನು ಕವಚಪ್ರಕರಣ. 1950ರ ದಶಕದ ಆರಂಭದಲ್ಲಿ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಮುಳುಗುವವರ ಚಳಿಯ ಬಗ್ಗೆ ತಲೆ ಕೆಡಿಸಿಕೊಂಡರು. ಅವರು ಅದಕ್ಕೂ ಮೊದಲು ಮ್ಯಾನ್‌ಹಟನ್ ಯೋಜನೆಯಲ್ಲಿ ಅಣುಬಾಂಬಿಗಾಗಿ ದುಡಿದವರು. ಒಂದು ಪಾಪಕ್ಕೆ ಒಂದು ಪ್ರಾಯಶ್ಚಿತ್ತ ಎಂದು ಬೇಕಾದವರು ಅರ್ಥ ಹಚ್ಚಿಕೊಳ್ಳಬಹುದು. ಬೆಚ್ಚಗಿರಬೇಕಾದರೆ ಮೈ ಒದ್ದೆಯಾಗಲೇ ಕೂಡದು ಎಂಬುದು ಆಗಿನ ನಂಬಿಕೆ. ಒದ್ದೆಯಾದರೆ ಆಗಲಿ, ಹೊದಿಕೆಯಲ್ಲಿ ಅನಿಲದ ಗುಳ್ಳೆಗಳಿದ್ದರೆ ಸಾಕು ಎಂಬುದು ಬ್ರಾಡ್ನರ್ ಕಂಡುಕೊಂಡ ಸಿದ್ಧಾಂತ. ಹೀಗೆ ಹುಟ್ಟಿದ ವೆಟ್‌ಸೂಟಿನೊಳಗೆ ನುಗ್ಗಿದ ನೀರೇ ಬಿಸಿಯಾಗಿ ನಮ್ಮನ್ನು ಕಾಯುತ್ತದೆ ಎಂದು ಇವತ್ತಿಗೂ ಪಾಠ ಹೇಳುವವರಿದ್ದಾರೆ. ಅದು ಅಪಸಿದ್ಧಾಂತ. ಕಾಯುವುದು ಸೂಟಿನ ನಿಯೊಪ್ರೀನ್ ರಬ್ಬರಿನ ಗುಳ್ಳೆಗಳು. ಒಳಗಿನ ನೀರು ಹೊರಗಿನದರ ಜೊತೆ ಅದಲುಬದಲಾಗದೆ ತೆಪ್ಪಗಿದ್ದರೆ ಅದೇ ಅದು ಮಾಡುವ ದೊಡ್ಡ ಉಪಕಾರ. ಈ ಸೂಟಿನಿಂದ ಹೆಸರು, ಹಣ ಎರಡೂ ಬಂದದ್ದು ಮಾತ್ರ ಅದೇ ಕೊಲ್ಲಿಯ ಉತ್ತರದಂಚಿನ ಸಾಂಟಾ ಕ್ರೂಜ್‌ನಲ್ಲಿ ಸರ್ಫಿಂಗ್ ಅಂಗಡಿಯಿಟ್ಟ ಜಾಕ್ ಓನೀಲ್‌ಗೆ. ಸಿದ್ಧಾಂತ ಮಾಡುವವರ ಹಣೆಬರಹವೇ ಇಷ್ಟು. ಇದನ್ನು ಬರೆಯುತ್ತಿರುವವನೂ ಅದಕ್ಕೆ ಸಿದ್ಧನಾಗಿಯೇ ಕೂತಿದ್ದಾನೆ.

ಕವಚಧಾರಣವಿಧಿಯನ್ನು ವ್ಯಾಕರಣದ ಕ್ರಮದಲ್ಲಿ ಹೇಳುವುದು ಸುಲಭ. ಅಧಿಕರಣ, ಮಾಂಟೆರೆಯ ಸ್ಯಾನ್ ಕಾರ್ಲೋಸ್ ಬೀಚಿನ ಪಾರ್ಕಿಂಗ್ ಜಾಗ. ಕರ್ತೃ, ಗಂಡ. ಕರ್ಮ, 7 ಮಿಲಿಮೀಟರ್ ದಪ್ಪದ ಸೂಟು. ಕರಣ, ಹೆಂಡತಿಯ ಮೊಣಕಾಲು. ನೇತ್ರಾಣಿಯಲ್ಲಿ 3 ಮಿಲಿಮೀಟರಿನದನ್ನು ಮಾತಾಡುತ್ತಲೇ ಏರಿಸಿಕೊಂಡವನು ಇಲ್ಲಿ ಮೊದಲು ಕಾಲಿಗೆ ದಿನಸಿ ಅಂಗಡಿಯ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತಾನೆ. ಚೀಲವಿದ್ದರೆ ಪಾದ ಜಾರುತ್ತದೆ, ಇಲ್ಲದಿದ್ದರೆ ಹಿಮ್ಮಡಿಯಲ್ಲೇ ಗಂಟೆ ಒಂಬತ್ತಾಗುತ್ತದೆ. ಉಗುರು ತಾಗಿದರೆ ನಿಯೊಪ್ರೀನ್ ಹರಿಯುತ್ತದೆ, ಆದ್ದರಿಂದ ಬೆರಳಿನ ತುದಿಗಳಲ್ಲಿ ಚಿವುಟಿ ಚಿವುಟಿ, ಮೀನಖಂಡ, ಮಂಡಿ, ತೊಡೆ ಎಂದು ಮೇಲೆ ತರಬೇಕು. ತೊಡೆಸಂದಿಯಲ್ಲಿ ಎರಡು ಬೆರಳು ಸಡಿಲ ಬಿಟ್ಟರೆ ಭುಜದ ಹತ್ತಿರ ನಾಲ್ಕು ಬೆರಳು ಸಾಲದೆ ಬರುತ್ತದೆ. ಕೊನೆಗೆ ಬೆನ್ನಿನ ಜಿಪ್ಪು.

‘ರೀ, ಉಸಿರು ಬಿಡಿ.’

‘ಬಿಟ್ಟೆ ಕಣೇ.’

‘ಇನ್ನೂ ಬಿಡಿ.’

‘ಇನ್ನು ಬಿಟ್ಟರೆ ಅದೇ ಕೊನೇದು.’

ತಲೆಗೆ ಹುಡ್. ಇದು ಮಂಕಿ ಕ್ಯಾಪಿನ ವಂಶದ್ದೇ ಎಂದು ಬೆಂಗಳೂರು ಶಾಖೆಯ ಪಂಡಿತರು ಹೆಮ್ಮೆಪಡುತ್ತಾರೆ. ಲಕ್ಷಣವೂ ಹಾಗೆಯೇ ಇದೆ: ಕೆನ್ನೆ ಎರಡೂ ಮೂಗಿನ ಕಡೆ ಒತ್ತರಿಸಿ, ಮಾತು ತೊದಲಿ, ಮನುಷ್ಯ ಯಾರೆಂದು ಗುರುತು ಸಿಗುವುದಿಲ್ಲ. ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ಬಲು ಪ್ರಸಿದ್ಧ, ಆದರೆ ಸುಳ್ಳು. ತಲೆ ಮೈಯಲ್ಲಿ ಎಷ್ಟು ಪಾಲೋ ಶಾಖದಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲು. ಹುಡ್ ಬೇಕಾಗುವುದು ಬೇರೆ ಕಾರಣಕ್ಕೆ. ಚಳಿಗೆ ಕೈಕಾಲಿನ ರಕ್ತನಾಳಗಳು ಬಾಗಿಲು ಹಾಕಿಕೊಳ್ಳುತ್ತವೆ, ನೆತ್ತಿಯವು ಹಾಗೆ ಮಾಡುವುದಿಲ್ಲ. ಮೇಲಾಗಿ ಹಣೆಗೆ ತಣ್ಣೀರು ಬಡಿದಾಗಿನ ನೋವಿದೆಯಲ್ಲ, ಅದು ಯಾವ ವಾದಕ್ಕೂ ಬಗ್ಗುವಂಥದ್ದಲ್ಲ.

ಈಗ ಗ್ರಂಥದ ನಡುಮನೆಗೆ ಬಂದೆವು: ಭಾರಪ್ರಕರಣ. ಗುಳ್ಳೆ ತುಂಬಿದ ಸೂಟು ತೇಲುತ್ತದೆ. ಅದನ್ನು ತೊಟ್ಟವನನ್ನು ಮುಳುಗಿಸಲು ಸೀಸ ಬೇಕು. ನೇತ್ರಾಣಿಯಲ್ಲಿ ಮೂರೋ ನಾಲ್ಕೋ ಕಿಲೋ ಕಟ್ಟಿಕೊಂಡವನು ಇಲ್ಲಿ ಹತ್ತು, ಹನ್ನೆರಡು ಕಿಲೋ ಕಟ್ಟಿಕೊಂಡು, ಅದರ ಮೇಲೆ ಸಿಲಿಂಡರು ಹೊತ್ತು, ಮರಳಿನಲ್ಲಿ ಕಾಲೆಳೆಯುತ್ತ ನೀರಿಗೆ ಹೋಗುತ್ತಾನೆ. ಆಟ ಅಲ್ಲಿಗೆ ಮುಗಿಯುವುದಿಲ್ಲ. 10 ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಇಮ್ಮಡಿಯಾಗಿ ಗುಳ್ಳೆಗಳು ಕುಗ್ಗುತ್ತವೆ. ಸೂಟು ತೆಳ್ಳಗಾಗುತ್ತದೆ, ಅಂದರೆ ಚಳಿ ಹೆಚ್ಚಿದ ಕಡೆಯೇ ಕವಚ ಕಮ್ಮಿಯಾಗುತ್ತದೆ. ಮೇಲೆ ಮುಳುಗಲೊಲ್ಲದ ಮನುಷ್ಯ ಕೆಳಗೆ ನಿಲ್ಲಲೊಲ್ಲ. ಕಲ್ಲಿನಂತೆ ಇಳಿಯುತ್ತ ಗಾಬರಿಯಿಂದ ತೇಲಿಸುವ ಜಾಕೆಟ್ಟಿಗೆ ಗಾಳಿ ತುಂಬುತ್ತಾನೆ. ಮೇಲೇರುವಾಗ ಸೂಟಿನ ಗುಳ್ಳೆಯೂ ಜಾಕೆಟ್ಟಿನ ಗಾಳಿಯೂ ಒಟ್ಟಿಗೆ ಹಿಗ್ಗಿ, ಅವನನ್ನು ಅವನ ಒಪ್ಪಿಗೆ ಕೇಳದೆ ಮೇಲಕ್ಕೆ ಎಸೆಯುತ್ತವೆ. ‘ನನ್ನ ಬಾಯೆನ್ಸಿ ಪರ್ಫೆಕ್ಟ್’ ಎಂದು ಮಾಲ್ಡೀವ್ಸಿನಲ್ಲಿ ಹೇಳಿಕೊಂಡು ತಿರುಗಿದವನ ಸ್ಥಿತಿ ಇದು. ಇಲ್ಲಿ ಸಿದ್ಧಾಂತವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಬೆಚ್ಚನೆಯ ನೀರಿನಲ್ಲಿ ನಮಗೆ ಬಂದಿತ್ತೆಂದುಕೊಂಡ ವಿದ್ಯೆಯಲ್ಲಿ ಮುಕ್ಕಾಲು ಪಾಲು ನೀರಿನದು. ತೆಳು ಸೂಟು, ಕಡಿಮೆ ಭಾರ, ಕಣ್ಣಿಗೆ ಕಾಣುವ ತಳ, ಹೇಳಿದ ಮಾತು ಕೇಳುವ ಬೆರಳು, ಇವುಗಳ ಪುಣ್ಯವನ್ನು ನಾವು ನಮ್ಮ ಖಾತೆಗೆ ಜಮಾ ಮಾಡಿಕೊಂಡಿದ್ದೆವು.

ನೀರಿಗಿಳಿಯುವ ಮುಂಚೆ ಫ್ಲಾಸ್ಕಿನ ಬಿಸಿನೀರನ್ನು ಕೈಗವಸಿಗೂ ಕತ್ತಿನ ಸಂದಿಗೂ ಸುರಿದುಕೊಳ್ಳುವ ಸಂಪ್ರದಾಯವಿದೆ. ಆಚಾರವಂತರು ಬಿಡುವುದಿಲ್ಲ. ಆದರೂ ಮುಖ ನೀರಿಗೆ ಸೋಕಿದೊಡನೆ ಎದೆ ಝಗ್ಗೆಂದು ಉಸಿರೆಳೆಯುತ್ತದೆ. ಆಮೇಲೆ ಒಂದೆರಡು ನಿಮಿಷ ಉಸಿರು ಯಜಮಾನನ ಮಾತು ಕೇಳುವುದಿಲ್ಲ. ಚರ್ಮಕ್ಕೆ ತಟ್ಟನೆ ಚಳಿ ಬಡಿದಾಗ ದೇಹ ತಾನಾಗಿ ಮಾಡುವ ಕೆಲಸ ಇದು, ಹೆದರಿಕೆಯಿಂದ ಹುಟ್ಟಿದ್ದಲ್ಲ. ಮೇಲೆಯೇ ತೇಲುತ್ತ, ರೆಗ್ಯುಲೇಟರನ್ನು ಬಾಯಲ್ಲಿ ಕಚ್ಚಿಕೊಂಡು, ಉಸಿರು ಹಳ್ಳಿ ಬಸ್ಸಿನ ವೇಗಕ್ಕೆ ಇಳಿಯುವತನಕ ಕಾಯುವುದೇ ವಿಧಿ. ಧೈರ್ಯ ತೋರಿಸಿ ತಕ್ಷಣ ಮುಳುಗುವುದು ನಿಷೇಧ.

ಇನ್ನು ಜಲಬಾಧಾ ಪ್ರಕರಣ. ಸಭ್ಯ ಗ್ರಂಥಗಳು ಇದನ್ನು ಹಾರಿಸುತ್ತವೆ, ನಮಗೆ ಆ ಸವಲತ್ತಿಲ್ಲ. ಚಳಿಗೆ ಕೈಕಾಲಿನ ರಕ್ತ ಒಳಗೆ ಸರಿಯುತ್ತದೆ, ನೀರಿನ ಒತ್ತಡ ಅದನ್ನು ಎದೆಯ ಕಡೆಗೆ ಇನ್ನಷ್ಟು ನೂಕುತ್ತದೆ. ಹಿಗ್ಗಿದ ಹೃದಯ, ರಕ್ತ ಜಾಸ್ತಿಯಾಗಿದೆ ಎಂದು ತಪ್ಪು ತಿಳಿದು ಹಾರ್ಮೋನಿನ ಮೂಲಕ ಮೂತ್ರಪಿಂಡಕ್ಕೆ ಕಾಗದ ಬರೆಯುತ್ತದೆ. ಮೂತ್ರಪಿಂಡ ಸರ್ಕಾರಿ ಕಚೇರಿಯಲ್ಲ, ಕಾಗದ ಬಂದ ಕೂಡಲೇ ಕೆಲಸ ಮಾಡುತ್ತದೆ. ಮುಂದಿನದನ್ನು ಪ್ರತಿಯೊಬ್ಬ ಡೈವರನೂ ಅಲ್ಲಗಳೆಯುತ್ತಾನೆ. ಸೂಟನ್ನು ಬಾಡಿಗೆಗೆ ಕೊಡುವವರು ಮಾತ್ರ ಯಾರನ್ನೂ ನಂಬುವುದಿಲ್ಲ. ಈ ಬಾಧೆ ತಪ್ಪಲೆಂದು ಬೆಳಗ್ಗೆ ನೀರೇ ಕುಡಿಯದೆ ಬರುವ ವ್ರತಸ್ಥರಿದ್ದಾರೆ. ಅದು ಅಪಾಯ. ಒಣಗಿದ ಮೈಗೆ, ಆಳದಿಂದ ಮೇಲೇರುವಾಗ ಅಂಟುವ ಡಿಕಂಪ್ರೆಷನ್ ಕಾಯಿಲೆಯ ಭಯ ಹೆಚ್ಚೆಂದು ಡೈವಿಂಗ್ ಪಾಠದಲ್ಲೇ ಹೇಳಿಕೊಡುತ್ತಾರೆ.

ಸೂಟಿಲ್ಲದೆ ಚಳಿ ಗೆಲ್ಲಲಾಗದೇ ಎಂಬ ಶಂಕೆಗೆ ಎರಡು ಉದಾಹರಣೆ. ಒಂದು, ಕೊರಿಯಾದ ಹೇನ್ಯೊ ಹೆಂಗಸರು. ಹತ್ತಿಬಟ್ಟೆಯುಟ್ಟು ಚಳಿಗಾಲದಲ್ಲೂ ಉಸಿರು ಹಿಡಿದು ಮುಳುಗಿ ಚಿಪ್ಪುಜೀವಿಗಳನ್ನು ಕಿತ್ತು ತರುತ್ತಿದ್ದರು. 1960ರ ದಶಕದಲ್ಲಿ ಸುಕ್ ಕಿ ಹಾಂಗ್, ಹರ್ಮನ್ ರಾನ್ ಮೊದಲಾದ ಶರೀರವಿಜ್ಞಾನಿಗಳು ಪರೀಕ್ಷಿಸಿದಾಗ, ಚಳಿಗಾಲದಲ್ಲಿ ಈ ಹೆಂಗಸರ ಮೈ ಸುಮ್ಮನಿದ್ದಾಗಲೂ ಹೆಚ್ಚು ಶಾಖ ಹುಟ್ಟಿಸುತ್ತದೆಂದು ಕಂಡುಬಂತು. 1970ರ ದಶಕದಲ್ಲಿ ವೆಟ್‌ಸೂಟು ಬಂತು. ಕೆಲವೇ ವರ್ಷಗಳಲ್ಲಿ ಆ ಶಕ್ತಿ ಮಾಯವಾಯಿತು. ತಪಸ್ಸನ್ನು ಕೆಡಿಸಲು ಅಪ್ಸರೆಯೇ ಬರಬೇಕೆಂದಿಲ್ಲ.

ಎರಡನೆಯದು ಮಾಂಟೆರೆಯ ಕಡಲ ನೀರುನಾಯಿ. ಸೀಲ್, ತಿಮಿಂಗಿಲಗಳಿಗಿರುವ ಕೊಬ್ಬಿನ ಪದರ ಇದಕ್ಕಿಲ್ಲ. ಇರುವುದು ಪ್ರಾಣಿಲೋಕದಲ್ಲೇ ಅತಿ ದಟ್ಟವಾದ ತುಪ್ಪಳ, ಅದರಲ್ಲಿ ಸಿಕ್ಕಿಕೊಂಡ ಗಾಳಿ, ಮತ್ತು ಹಸಿವು. ಬ್ರಾಡ್ನರ್ ಸಿದ್ಧಾಂತ ಇದಕ್ಕೆ ಮೊದಲೇ ಗೊತ್ತಿತ್ತು. ಆ ತುಪ್ಪಳಕ್ಕಾಗಿಯೇ ಬೇಟೆಗಾರರು ಇದನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟಿದ್ದರು. 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಉಳಿದಿದ್ದ ಗುಂಪೊಂದು ಜನರ ಕಣ್ಣಿಗೆ ಬಿತ್ತು. ಮೈ ಬೆಚ್ಚಗಿಟ್ಟುಕೊಳ್ಳಲು ಅದು ದಿನಕ್ಕೆ ತನ್ನ ತೂಕದ ಕಾಲುಭಾಗದಷ್ಟು ತಿನ್ನುತ್ತದೆ. ಈ ಮಾರ್ಗ ಹಿಡಿಯುವ 70 ಕಿಲೋ ತೂಕದ ಮಂಡ್ಯದ ಸಾಧಕನಿಗೆ ದಿನಕ್ಕೆ ಹದಿನೇಳೂವರೆ ಕಿಲೋ ಮುದ್ದೆ ಬೇಕು. ಸಾರಿನ ಲೆಕ್ಕ ಬೇರೆ. ಕಷ್ಟವೇನಲ್ಲ ಎಂದು ಸಾಧಕರು ಹೇಳಿಯಾರು, ಆದರೆ ಜಿಪ್ಪು ಹಾಕುವವರನ್ನೂ ಒಂದು ಮಾತು ಕೇಳಬೇಕು.

ಇಷ್ಟು ಪಾಡುಪಟ್ಟು ಇಳಿದರೆ ಕಾಣುವುದೇನು? ವಸಂತದಲ್ಲಾದರೆ ಹಸಿರು ಮಬ್ಬು. ಐದಾರು ಮೀಟರ್ ಕಂಡರೆ ಪುಣ್ಯ. ಉಷ್ಣಜಲವಾದಿಗಳು ಇಲ್ಲಿ ಗೆದ್ದೆವೆಂದು ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ. ವಾಯವ್ಯದ ಗಾಳಿ ಕರಾವಳಿಯುದ್ದಕ್ಕೂ ಬೀಸಿದಾಗ ಭೂಮಿಯ ತಿರುಗುವಿಕೆಯಿಂದ ಮೇಲುನೀರು ಕಡಲಾಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಏಳುತ್ತದೆ, ಜೊತೆಗೆ ತಳದ ಸತ್ವವನ್ನೂ ತರುತ್ತದೆ. ಆ ಹಸಿರು ಕೊಳೆಯಲ್ಲ, ಜೀವ. ಮಾಲ್ಡೀವ್ಸಿನ ನೀರು ಅಷ್ಟು ತಿಳಿಯಾಗಿರುವುದು ಅದರಲ್ಲಿ ತೇಲುವ ಆಹಾರ ಕಡಿಮೆ ಇರುವುದರಿಂದ. ಇದು ನಮಗೆ ಹೊಸದೇನಲ್ಲ. ಮುಂಗಾರಿನಲ್ಲಿ ಕೇರಳ, ಕರ್ನಾಟಕದ ಕಡಲಲ್ಲೂ ಹೀಗೆ ತಣ್ಣೀರು ಏಳುತ್ತದೆ. ಬೂತಾಯಿ, ಬಂಗುಡೆ ಸುಗ್ಗಿಯ ಬೇರು ಅಲ್ಲಿದೆ. ಆಗ ನೇತ್ರಾಣಿಗೆ ದೋಣಿ ಹೋಗುವುದಿಲ್ಲವಾದ್ದರಿಂದ ನಮ್ಮ ಡೈವರಿಗೆ ಗೊತ್ತಿಲ್ಲ, ಮಲ್ಪೆಯ ಮೊಗವೀರರಿಗೆ ಗೊತ್ತು. ಮಾಂಟೆರೆಯದೂ ಬೂತಾಯಿಯ ದಾಯಾದಿಗಳ ಊರೇ. 1945ರಲ್ಲಿ ಪ್ರಕಟವಾದ ಜಾನ್ ಸ್ಟೈನ್‌ಬೆಕ್ ಕಾದಂಬರಿಯ ‘ಕ್ಯಾನರಿ ರೋ’ ಬೀದಿ ನಿಂತದ್ದು ಆ ಸಾರ್ಡೀನಿನ ಮೇಲೆ. ಆಮೇಲಿನ ಕೆಲವು ವರ್ಷಗಳಲ್ಲಿ ಮೀನು ಮುಗಿಯಿತು, ಡಬ್ಬಿ ಕಾರ್ಖಾನೆಗಳು ಮುಚ್ಚಿದವು. ಹಾಗೆ ಮುಚ್ಚಿದ ಒಂದರ ಜಾಗದಲ್ಲಿ 1984ರಲ್ಲಿ ಅಕ್ವೇರಿಯಂ ತೆರೆಯಿತು.

ಆಳದಿಂದ ಏಳುವ ಆ ತಣ್ಣೀರಿನದೇ ಬೆಳೆ ಕೆಲ್ಪ್. ಅನುಕೂಲವಿದ್ದರೆ ದಿನಕ್ಕೆ ಅರ್ಧ ಮೀಟರ್ ಬೆಳೆಯುವ ಈ ಕಡಲಕಳೆ ತಳದ ಬಂಡೆಯನ್ನು ಅಪ್ಪಿ, ಒಂದೊಂದು ಎಲೆಯ ಬುಡಕ್ಕೂ ಒಂದೊಂದು ಗಾಳಿಬುರುಡೆ ಕಟ್ಟಿಕೊಂಡು ನೀರಿನ ಮೇಲ್ಮೈವರೆಗೆ ನೆಟ್ಟಗೆ ನಿಲ್ಲುತ್ತದೆ. ಅದರಲ್ಲಿ ಸಿಕ್ಕಿಹಾಕಿಕೊಂಡರೆ ಗಿರಕಿ ಹೊಡೆಯಬಾರದು, ದಂಟನ್ನು ಮಡಿಸಿ ಲಟಕ್ಕನೆ ಮುರಿಯಬೇಕು. ಬಂಡೆಯ ಪಕ್ಕದಲ್ಲಿ ಬೆರಳಿನ ಗೆಣ್ಣಿನುದ್ದದ, ಮೈತುಂಬ ಎಳೆಗಳೆದ್ದ ಕಡುಗುಲಾಬಿ ಬಣ್ಣದ ಚಿಪ್ಪಿಲ್ಲದ ಬಸವನಹುಳುವೊಂದು, ತನ್ನಷ್ಟೇ ಗುಲಾಬಿಯಾದ ಹಾವಸೆಯಂಥ ಜೀವಿಯನ್ನು ಮೇಯುತ್ತಿರುತ್ತದೆ. ಪ್ರಯೋಜನ ಎಂದು ಆರಂಭದಲ್ಲಿ ಬಾಕಿಯಿಟ್ಟದ್ದು ಇದನ್ನೇ. ಫೋಟೊ ತೆಗೆಯೋಣವೆಂದರೆ 5 ಮಿಲಿಮೀಟರ್ ಕೈಗವಸಿನಲ್ಲಿ ಕ್ಯಾಮೆರಾದ ಗುಂಡಿ ಯಾವುದು, ಬೆರಳು ಯಾವುದು ಎಂದು ತಿಳಿಯುವುದಿಲ್ಲ. ನೋಡಿ ಬರುವುದಷ್ಟೇ.

ಉಳಿದದ್ದು ಎರಡನೆಯ ದಿನದ ಪ್ರಶ್ನೆ. ಮೋಟೆಲಿನ ಬಚ್ಚಲಲ್ಲಿ ರಾತ್ರಿಯೆಲ್ಲ ನೇತುಹಾಕಿದ್ದ ಸೂಟು ಆ ಮಂಜಿನ ಊರಲ್ಲಿ ಒಣಗುವುದಿಲ್ಲ. ಬೆಳಗ್ಗೆ ಏಳಕ್ಕೆ, ಹಾಸಿಗೆಯ ಬಿಸಿ ಇನ್ನೂ ಆರದ ಮೈಗೆ, ಆ ಒದ್ದೆಯನ್ನು ಏರಿಸುವುದು ಹೇಗೆಂಬುದರಲ್ಲಿ ಮೂರು ಮತಗಳಿವೆ. ಮೊದಲು ಸೂಟಿಗೆ ಬಿಸಿನೀರು ಹುಯ್ದು ಆಮೇಲೆ ತೊಡಬೇಕೆಂದು ಒಂದು. ತೊಟ್ಟ ಮೇಲೆಯೇ ಹುಯ್ಯಬೇಕೆಂದು ಇನ್ನೊಂದು. ಮೊದಲು ತಿಂಡಿ ಮುಗಿಸಿ ಬಂದು ನೋಡೋಣ ಎಂಬುದು ಮೂರನೆಯದು. ಈ ಮೂರನೆಯ ಮತದವರು ತಿಂಡಿಯಿಂದ ವಾಪಸು ಬಂದದ್ದಕ್ಕೆ ಪ್ರಮಾಣ ಸಿಕ್ಕಿಲ್ಲ.